ಬೋರಲು ಹಾಕದ ಮಂಕರಿ

ಮೀನಿನ ಮಂಕರಿಯ ತಳ ನೆಲಕ್ಕೆ ತಾಗಬಾರದು. ಒಂದು ಬೆರಳಿನಷ್ಟು ಮೇಲಕ್ಕೆ ಎತ್ತಿ ಹೆಣೆಯಬೇಕು. ಆಗ ಮೀನಿನ ನೀರು ಕೆಳಗೆ ಇಳಿದುಹೋಗುತ್ತದೆ, ಮೀನು ಬೇಗ ಕೆಡುವುದಿಲ್ಲ. ಹೊರಗಿನಿಂದ ನೋಡಿದರೆ ಇದು ಕಾಣುವುದಿಲ್ಲ, ಯಾಕೆಂದರೆ ಪಕ್ಕದ ಬಿದಿರು ದಬ್ಬೆಗಳು ನೆಲದವರೆಗೂ ಇಳಿದಿರುತ್ತವೆ. ತಳ ಎಷ್ಟು ಮೇಲಿದೆ ಎಂದು ತಿಳಿಯಬೇಕಾದರೆ ಮಂಕರಿಯನ್ನು ಬೋರಲು ಹಾಕಿ ನೋಡಬೇಕು. ನಮ್ಮಲ್ಲಿ ಯಾರೂ ಹಾಗೆ ಮಾಡುತ್ತಿರಲಿಲ್ಲ. ಮಂಕರಿ ಬೋರಲು ಬಿದ್ದರೆ ಹೊಳೆ ಕೈಬಿಡುತ್ತದೆ ಅನ್ನುವುದು ನಮ್ಮವರ ನಂಬಿಕೆ. ಬಗ್ಗಿಸಿ ಸುರಿಯಬಹುದು, ಬಾಯಿ ನೆಲ ಮುಟ್ಟುವ ಹಾಗೆ ಮಗುಚಬಾರದು. ಹೊಳೆಗೆ ಹೋಗುವವನು ಸತ್ತರೆ ಮಾತ್ರ ಅವನ ಮನೆ ಬಾಗಿಲಲ್ಲಿ ಅವನ ಮಂಕರಿಯನ್ನು ಬೋರಲು ಹಾಕುತ್ತಿದ್ದರು.

ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ನಾನು ಮಾಡಿದ್ದು ಏನು ಅನ್ನುವುದು ನಿಮಗೆ ಸರಿಯಾಗಿ ತಿಳಿಯುತ್ತದೆ.

ನಾನು ಅಕ್ಷರ ಕಲಿತದ್ದು ಮುದುಕಿಯಾದ ಮೇಲೆ, ಮೊಮ್ಮಗಳ ಹತ್ತಿರ. ಒತ್ತಕ್ಷರ ಈಗಲೂ ತಪ್ಪುತ್ತದೆ, ಅವಳು ತಿದ್ದುತ್ತಾಳೆ. "ಇದ್ಯಾಕ್ ಬರೀತೀಯಜ್ಜಿ, ಬುಡು" ಎಂದಳು ಒಮ್ಮೆ. ತಿದ್ದುವುದಷ್ಟೇ ನಿನ್ನ ಕೆಲಸ ಎಂದೆ.

ನನ್ನ ತವರು ಹೂಗ್ಯಂ ಕಡೆ, ಕಾಡಿನ ಅಂಚು. ಬಿದಿರು ಕೈಗೆ ಸಿಗುತ್ತಿತ್ತು. ನಮ್ಮ ಮನೆಯ ಹೆಂಗಸರು ಮಂಕರಿ ಹೆಣೆಯುತ್ತಿದ್ದರು, ಗಂಡಸರು ಹಳ್ಳದಲ್ಲಿ ಮೀನು ಹಿಡಿಯುತ್ತಿದ್ದರು. ಮದುವೆಯಾಗಿ ಬಂದದ್ದು ಸತ್ತೇಗಾಲದಿಂದ ಕೆಳಗೆ, ಕಾವೇರಿ ದಡದ ಒಂದು ಕೇರಿಗೆ. ಇಪ್ಪತ್ತು ಮನೆ, ಎಲ್ಲರೂ ಬೆಸ್ತರು. ಕೇರಿಯಲ್ಲಿ ಸರಿಯಾಗಿ ಮಂಕರಿ ಹೆಣೆಯಲು ಬರುತ್ತಿದ್ದದ್ದು ನನಗೊಬ್ಬಳಿಗೇ. ಅದರ ಜಂಬ ನನಗೆ ಇತ್ತು.

ಆಗ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹೊಳೆಯ ಈಚೆ ದಡ ಮದ್ರಾಸು, ಆಚೆ ದಡ ಮೈಸೂರು. ನಮ್ಮ ಹರಿಗೋಲು ನಡುನೀರಿಗೆ ಹೋದರೆ ಆಚೆಯವರು ಕೂಗುತ್ತಿದ್ದರು: "ಏನ್ರಲಾ, ನಿಮ್ ಮೀನು ತಮಿಳು ಮಾತಾಡವಾ?" ನಮ್ಮ ಗಂಡಸರು ಬಿಡುತ್ತಿರಲಿಲ್ಲ: "ಊಂ ಕಣ್ರಲಾ, ನಿಮ್ಮವು ಮಾರಾಜ್ರ ಪೇಟ ಕಟ್ಕಂಡವಾ?"

ಮೀನಿಗೆ ದಡದ ಲೆಕ್ಕ ಇರಲಿಲ್ಲ. ನಮಗೆ ಇತ್ತು. ನಮ್ಮ ಕಡೆಯ ಹೊಳೆಯನ್ನು ಸರ್ಕಾರ ಹರಾಜು ಹಾಕುತ್ತಿತ್ತು. ಹರಾಜು ಹಿಡಿದ ಗುತ್ತಿಗೆದಾರ ಮನೆಗೊಂದು ಚೀಟಿ ಕೊಡುತ್ತಿದ್ದ. ಚೀಟಿ ಇಲ್ಲದವನು ಬಲೆ ಬೀಸಿದರೆ ಕಳ್ಳ. ಚೀಟಿ ಇದ್ದವನಿಗೂ ಮಿತಿ ಇತ್ತು, ಅದನ್ನು ಎಲ್ಲರೂ ಲಿಮಿಟ್ಟು ಅನ್ನುತ್ತಿದ್ದರು. ಒಂದು ಚೀಟಿಗೆ ದಿನಕ್ಕೆ ಒಂದು ಮಂಕರಿ ಮೀನು ನಮ್ಮದು. ಅದಕ್ಕಿಂತ ಮೇಲೆ ಎಷ್ಟು ಬಿದ್ದರೂ ಗುತ್ತಿಗೆದಾರನ ರಾಶಿಗೆ. ಹರಿಗೋಲು ನಮ್ಮದು, ಬಲೆ ನಮ್ಮದು, ನೀರಿನಲ್ಲಿ ನಿಲ್ಲುವ ಕಾಲು ನಮ್ಮದು. ಅವನು ನಮ್ಮ ಹೊಳೆಯನ್ನು ಒಂದು ಸಲವೂ ಬಂದು ನೋಡಿದವನಲ್ಲ.

ಅವನ ಪರವಾಗಿ ದಡದಲ್ಲಿ ನಿಂತು ಅಳೆಯುತ್ತಿದ್ದವನು ಒಬ್ಬ ಮೇಸ್ತ್ರಿ. ಕೊಳ್ಳೇಗಾಲದವನು. ಹಳೆಯ ಗುತ್ತಿಗೆಯಲ್ಲಿ ಅವರವರ ಮಂಕರಿಯಲ್ಲೇ ಅಳತೆ ನಡೆಯುತ್ತಿತ್ತು. ಈ ಹೊಸ ಮೇಸ್ತ್ರಿ ಬಂದವನೇ ಸೀಮೆಎಣ್ಣೆ ಡಬ್ಬ ತಂದಿಟ್ಟ. ಎರಡು ಡಬ್ಬ ಅಂದರೆ ಒಂದು ಮಂಕರಿ ಅಂದ. ಡಬ್ಬದ ನಾಲ್ಕು ಪಕ್ಕವೂ ಒಳಕ್ಕೆ ತಗ್ಗಿತ್ತು. ಕಲ್ಲಿನಲ್ಲಿ ಜಜ್ಜಿದ ಗುರುತು ಕುರುಡನಿಗೂ ಕಾಣುತ್ತಿತ್ತು.

"ಏನ್ ಬುದ್ದಿ, ಡಬ್ಬಕ್ಕೆ ಒಟ್ಟೆನೋವಾ? ಒಳಕ್ಕೆ ಎಳ್ಕಂಡದೆ" ಎಂದಳು ಒಬ್ಬಳು, ಎಲ್ಲರೂ ಇರುವಾಗಲೇ. ಜನ ಬಿದ್ದು ಬಿದ್ದು ನಕ್ಕರು. ಮೇಸ್ತ್ರಿ ನಗಲಿಲ್ಲ.

ಹಾಗೆ ಅಂದವಳು ನಮ್ಮ ಎದುರು ಮನೆಯವಳು. ನಾನು ಅವಳನ್ನು ಅಕ್ಕ ಅನ್ನುತ್ತಿದ್ದೆ. ಗಂಡ ಸುಳಿಗೆ ಸಿಕ್ಕಿ ಸತ್ತಿದ್ದ. ಅವಳ ಬಾಗಿಲಲ್ಲಿ ಮಂಕರಿ ಬೋರಲು ಬಿದ್ದದ್ದನ್ನು ನಾನೇ ಕಂಡಿದ್ದೇನೆ. ಹನ್ನೊಂದನೆಯ ದಿನ ಕಳೆದ ಮೇಲೆ ಅದನ್ನು ಅವಳೇ ಎತ್ತಿ ನೇರ ಮಾಡಿ, ಗಂಡನ ಹರಿಗೋಲು ಹೊತ್ತು ಹೊಳೆಗೆ ಇಳಿದಳು. ಹೆಂಗಸಿಗೆ ಚೀಟಿ ಕೊಡುವ ಪದ್ಧತಿ ಇರಲಿಲ್ಲ. ಕೇರಿಯ ಯಜಮಾನರು ಕೈಮುಗಿದು ಕೇಳಿಕೊಂಡದ್ದರಿಂದ ಗಂಡನ ಹೆಸರಿನ ಚೀಟಿಯನ್ನೇ ಅವಳಿಗೆ ನಡೆಸಿಕೊಂಡು ಬಂದಿದ್ದರು. ಆ ಚೀಟಿ ಹೋದರೆ ಅವಳಿಗೆ ಮತ್ತೆ ಚೀಟಿ ಹುಟ್ಟುವ ಹಾಗಿರಲಿಲ್ಲ. ಇದು ಎಲ್ಲರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನನ್ನ ಮೊದಲ ಹೆರಿಗೆ ಮಾಡಿಸಿದವಳು ಅವಳೇ.

ಡಬ್ಬದ ಜಗಳ ಎಂಟು ಹತ್ತು ದಿನ ನಡೆಯಿತು. ಒಂದು ದಿನ ಯಾರೂ ಬಲೆ ಮುಟ್ಟಲಿಲ್ಲ. ಗುತ್ತಿಗೆದಾರನ ರಾಶಿಗೆ ಒಂದು ಮೀನೂ ಬೀಳಲಿಲ್ಲ. ಮೇಸ್ತ್ರಿ ಪಟ್ಟು ಸಡಿಲಿಸಿದ. ಡಬ್ಬ ಬೇಡ, ಅಳತೆಗೆ ಒಂದು ಮಂಕರಿ ಆಗಲಿ, ಬಾಯಿ ಎರಡು ಗೇಣು, ಎತ್ತರ ಒಂದು ಮೊಳ ಎಂದು ಯಜಮಾನರೂ ಅವನೂ ಒಪ್ಪಿದರು. ಹೆಣೆಯುವವರು ಯಾರು ಅನ್ನುವ ಮಾತು ಬಂತು. ಮೇಸ್ತ್ರಿ ಕೊಳ್ಳೇಗಾಲದಿಂದ ತರಿಸುತ್ತೇನೆ ಅಂದ.

"ಬ್ಯಾಡಿ ಬುದ್ದಿ" ಎಂದಳು ಅಕ್ಕ. "ನಮ್ಮೋಳೇ ಇದ್ದಾಳಲ್ಲ, ಅವಳೇ ಎಣೀಲಿ. ಅವಳ್ ಕೈಲಿ ಸುಳ್ಳು ಬರದಿಲ್ಲ."

ಎಲ್ಲರೂ ನನ್ನ ಕಡೆ ನೋಡಿದರು. ನನಗೆ ಆ ದಿನ ಬಹಳ ಸಂತೋಷವಾಯಿತು. ಅದನ್ನು ನೆನೆದರೆ ಈಗ ಮುಖ ಎಲ್ಲಿಡಬೇಕೋ ತಿಳಿಯುವುದಿಲ್ಲ.

ಮಾರನೆಯ ದಿನ ಮಧ್ಯಾಹ್ನ ಮೇಸ್ತ್ರಿ ನಮ್ಮ ಮನೆಗೆ ಬಂದ. ನಾನು ಜಗಲಿಯಲ್ಲಿ ಬಿದಿರು ಸೀಳುತ್ತಿದ್ದೆ. ನನ್ನ ಗಂಡ ಬಲೆ ಬಿಡಿಸುತ್ತಿದ್ದ. ನನ್ನ ಗಂಡನ ಒಂದು ತಪ್ಪು ಮೇಸ್ತ್ರಿಯ ಕೈಯಲ್ಲಿ ಇತ್ತು. ಮೀನು ಮೊಟ್ಟೆ ಇಡುವ ಕಾಲದಲ್ಲಿ ಇವನು ಸಣ್ಣ ಕಣ್ಣಿನ ಬಲೆ ಬೀಸಿ ಸಿಕ್ಕಿಬಿದ್ದಿದ್ದ. ಎರಡು ಬೆರಳು ತೂರದ ಕಣ್ಣಿನ ಬಲೆ ಬೀಸಬಾರದು ಎಂದು ಕಾನೂನು. ಅದು ಒಳ್ಳೆಯ ಕಾನೂನೇ, ಮರಿಗಳನ್ನೂ ಬಾಚಿಬಿಟ್ಟರೆ ಮುಂದಿನ ವರ್ಷ ಹೊಳೆಯಲ್ಲಿ ಏನಿರುತ್ತದೆ? ನಾನೇ ಬೈದಿದ್ದೆ. ಆ ಬಲೆ ಮೇಸ್ತ್ರಿಯ ಮನೆಯಲ್ಲಿತ್ತು.

ಮೇಸ್ತ್ರಿ ಕೂರಲಿಲ್ಲ. ಬಿದಿರು ಮೂಸಿ ನೋಡುವವನ ಹಾಗೆ ಬಗ್ಗಿದ.

"ತಳ ಎಷ್ಟೆತ್ತೀಯವ್ವ?"

"ಒಂದ್ ಬೆಳ್ಳು ಬುದ್ದಿ. ನೀರಿಳೀಬೇಕಲ್ಲ."

"ನಾಕೆತ್ತು."

ನಾನು ಮಚ್ಚು ಕೆಳಗಿಟ್ಟೆ. ನನ್ನ ಗಂಡ ತಲೆ ಎತ್ತಲಿಲ್ಲ.

"ಬಾಯಿ ಎರಡು ಗೇಣೇ ಇರ್ಲಿ, ಎತ್ರ ಒಂದ್ ಮೊಳನೇ ಇರ್ಲಿ. ಅದ್ರಲ್ಲಿ ನಂಗೆ ತಕರಾರಿಲ್ಲ" ಅಂದ ಮೇಸ್ತ್ರಿ. "ಒಸ ಚೀಟಿ ಬರೆಯೋ ಕಾಲ ಬಂತು. ನಿನ್ ಗಂಡನ ಬಲೆ ಇನ್ನೂ ನನ್ನತ್ರನೇ ಅದೆ. ಮೀನಿನ ಇಲಾಖೆಯೋರು ಕೇಳುದ್ರೆ ತೋರುಸ್ಬೇಕಾ, ಬ್ಯಾಡ್ವಾ, ನೀನೇ ಯೋಳು."

ಅವನು ಹೋದ ಮೇಲೆ ನನ್ನ ಗಂಡನನ್ನು ಕೇಳಿದೆ, "ಏನ್ ಮಾಡದು?"

"ಎಣಿಯೋಳು ನೀನು. ನನ್ನೇನ್ ಕೇಳೀಯೆ?"

"ಸಣ್ಕಣ್ಣಿನ್ ಬಲೆ ಬೀಸ್ದೋನು ನೀನು. ಅವಾಗ ನನ್ ಕೇಳ್ದಾ?"

"ಕೇಳಿದ್ರೆ ನೀನ್ ಬ್ಯಾಡ ಅಂತಿದ್ದೆ" ಎಂದು ಎದ್ದು ಹೊಳೆ ಕಡೆ ಹೋದ.

ಮಕ್ಕಳಿದ್ದವು, ಹಸಿವಿತ್ತು ಎಂದು ಬರೆಯಬಹುದು. ಹಸಿವು ಎಲ್ಲರ ಮನೆಯಲ್ಲೂ ಇತ್ತು. ಎದುರು ಮನೆಯಲ್ಲಿ ನಮಗಿಂತ ಹೆಚ್ಚು ಇತ್ತು. ನನಗೆ ನನ್ನ ಮನೆಯ ಚೀಟಿ ಬೇಕಾಗಿತ್ತು, ಅಷ್ಟೇ.

ನಾಲ್ಕು ಬೆರಳು ಎತ್ತಿ ಹೆಣೆದೆ. ಎರಡು ದಿನ ಹಿಡಿಯಿತು. ತಳ ಅಷ್ಟು ಮೇಲಕ್ಕೆ ಕೂರಬೇಕಾದರೆ ದಬ್ಬೆ ತೆಳುವಾಗಿ ಸೀಳಬೇಕು, ಪಕ್ಕದ ದಬ್ಬೆ ಒಂದನ್ನೂ ಮುರಿಯದೆ ಒಳಕ್ಕೆ ಬಗ್ಗಿಸಬೇಕು. ಎಲ್ಲೂ ಉಬ್ಬು ತಗ್ಗು ಕಾಣದ ಹಾಗೆ ಮಾಡಿದೆ. ನಾನು ಹೆಣೆದ ಮಂಕರಿಗಳಲ್ಲೆಲ್ಲ ಅದೇ ಚೆನ್ನಾಗಿತ್ತು. ಮುಗಿಸಿದಾಗ ಕೈ ಸವರಿ ನೋಡಿ ಖುಷಿಪಟ್ಟೆ. ಮೋಸಕ್ಕೆ ಹೆಣೆದದ್ದು ಅನ್ನುವುದು ಆ ಗಳಿಗೆಯಲ್ಲಿ ಮರೆತೇಹೋಗಿತ್ತು.

ದಡಕ್ಕೆ ತಂದಾಗ ಜನ ಸುತ್ತ ನಿಂತರು. ಯಜಮಾನರು ಬಾಯಿಗೆ ಗೇಣು ಹಾಕಿದರು, ಎತ್ತರಕ್ಕೆ ಹೊರಗಿನಿಂದ ಮೊಳ ಹಾಕಿದರು. ಮೂವರು ನಾಲ್ವರು ತಮ್ಮ ಕೈಯಲ್ಲೂ ಹಾಕಿ ನೋಡಿದರು. ಸರಿಯಾಗಿತ್ತು. ಅಕ್ಕ ಅರಿಸಿನ ತಂದು ಮಂಕರಿಯ ಬಾಯಿಗೆ ಹಚ್ಚಿ ನೀರು ಚಿಮುಕಿಸಿದಳು. ತಳ ಯಾರೂ ನೋಡಲಿಲ್ಲ. ನೋಡಬೇಕಾದರೆ ಬೋರಲು ಹಾಕಬೇಕು.

ಅಂದಿನಿಂದ ಅಳತೆ ಅದರಲ್ಲಿ. ಬೆಳಗ್ಗೆ ಹರಿಗೋಲುಗಳು ದಡಕ್ಕೆ ಬಂದಾಗ ಮೇಸ್ತ್ರಿಯ ಆಳು ಮೀನು ತುಂಬಿ, ಬಾಯಿಗೆ ಸಮ ಸವರಿ, ನಮ್ಮ ನಮ್ಮ ಮಂಕರಿಗೆ ಬಗ್ಗಿಸಿ ಸುರಿಯುತ್ತಿದ್ದ. ಸುರಿಯುವಾಗ ತಳ ಅವನ ಹೊಟ್ಟೆಗೆ ಆನಿಕೊಂಡಿರುತ್ತಿತ್ತು. ನಮ್ಮ ಮಂಕರಿಗಳು ಒಂದೊಂದೂ ಒಂದೊಂದು ಅಳತೆಯವು, ಸುರಿದ ಮೇಲೆ ಕಡಿಮೆಯಾದದ್ದು ಕಣ್ಣಿಗೆ ಕಾಣುತ್ತಿರಲಿಲ್ಲ. ಉಳಿದದ್ದು ಗುತ್ತಿಗೆದಾರನ ರಾಶಿಗೆ. ಒಂದೊಂದು ಚೀಟಿಯಲ್ಲಿ ದಿನಕ್ಕೆ ಮೂರು ಬೆರಳು ಎತ್ತರದ ಮೀನು ಆ ಕಡೆ ಹೋಗುತ್ತಿತ್ತು. ನಮ್ಮ ಮನೆಯದೂ ಹೋಗುತ್ತಿತ್ತು. ನನ್ನ ಗಂಡನಿಗೆ ಹೊಸ ಚೀಟಿ ಬಂತು, ಬಲೆಯೂ ವಾಪಸು ಬಂತು.

ಜನಕ್ಕೆ ಕಡಿಮೆಯಾದದ್ದು ತಿಳಿಯಲಿಲ್ಲ ಅಂತಲ್ಲ. "ಯಾಕೋ ಈ ಸಲ ಮೀನು ಎಚ್ಗೆ ಉಳಿಯದಿಲ್ಲ" ಅನ್ನುತ್ತಿದ್ದರು. ಹೆಂಡತಿ ಕದ್ದು ಮಾರುತ್ತಾಳೆ ಎಂದು ಒಬ್ಬ ಹೆಂಡತಿಗೆ ಹೊಡೆದ. ಮಂಕರಿಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಅದನ್ನು ಹೆಣೆದವಳು ನಾನಲ್ಲವೇ.

ಅಕ್ಕನಿಗೆ ಬಂತು. ಅವಳು ಮೀನು ಹೊತ್ತು ಕೊಳ್ಳೇಗಾಲಕ್ಕೆ ನಡೆದೇ ಹೋಗುವವಳು. ಎಷ್ಟೋ ವರ್ಷ ದಿನಾ ಅದೇ ದಾರಿ, ತಲೆಯ ಮೇಲೆ ಅದೇ ಭಾರ. ಒಂದು ದಿನ ನೀರು ಸೇದುವಾಗ ನನಗೆ ಅಂದಳು: "ಅಮ್ಮಿ, ಈಚೀಚ್ಗೆ ದಾರಿ ಅತ್ರ ಆಗ್ಬುಟ್ಟದೆ. ಉಣ್ಸೆಮರದ್ ತಾವ ಮಂಕ್ರಿ ಇಳ್ಸಿ ಸುಧಾರಿಸ್ಕತಿದ್ದೆ. ಈಗ ಇಳಿಸ್ದೇನೇ ಓಯ್ತೀನಿ."

"ವಯಸ್ ತಿರುಗ್ತಾ ಅದೆ ಕಣಕ್ಕ ನಿಂಗೆ" ಎಂದೆ. ಎಷ್ಟು ಸಲೀಸಾಗಿ ಅಂದೆ ಅಂದರೆ ನನಗೇ ಆಶ್ಚರ್ಯವಾಯಿತು.

ಅವಳು ನಗಲಿಲ್ಲ. ಕೊಡ ಎತ್ತಿಕೊಂಡು ಹೋದಳು.

ಆ ವಾರವೇ ಆದದ್ದು ಇದು. ಅವತ್ತು ಅವಳ ಬಲೆಗೆ ಚೆನ್ನಾಗಿ ಬಿದ್ದಿತ್ತು, ಒಂದೂವರೆ ಮಂಕರಿಯಷ್ಟು. ಆಳು ಅಳೆದು ಸುರಿದ. ಅವಳು ತನ್ನ ಮಂಕರಿ ಎತ್ತಿ ತಲೆಯ ಮೇಲಿಟ್ಟು ನಿಂತಳು. ಒಂದು ಹೆಜ್ಜೆ ಮುಂದೆ ಇಟ್ಟಳು, ಹಿಂದೆ ಇಟ್ಟಳು. ಇಳಿಸಿದಳು.

"ಇದು ಒಂದ್ ಮಂಕ್ರಿ ಅಲ್ಲ" ಅಂದಳು.

"ಕಣ್ ಮುಂದೇನೇ ಅಳೆದ್ನಲ್ಲವ್ವ" ಅಂದ ಆಳು.

"ಕಣ್ಣಿಗೆ ಸರ್ಯಾಗದೆ. ನನ್ ಕುತ್ಗೆಗೆ ಸರ್ಯಾಗಿಲ್ಲ."

"ತಕ್ಕಡಿ ತರೋದೇ ಬ್ಯಾಡ ಕಣ್ರಲಾ, ಅಕ್ಕನ್ ಕುತ್ಗೆ ತಕಂಡ್ ಬಂದ್ರಾಯ್ತು" ಎಂದ ಯಾರೋ. ಜನ ನಕ್ಕರು. ಅವಳು ಗುತ್ತಿಗೆದಾರನ ರಾಶಿಗೆ ಹೋಗಿ, ಬಗ್ಗಿ, ಐದಾರು ಗೆಂಡೆ ಮೀನು ತೆಗೆದು ತನ್ನ ಮಂಕರಿಗೆ ಹಾಕಿಕೊಂಡಳು. ಮತ್ತೆ ತಲೆಯ ಮೇಲಿಟ್ಟು ನೋಡಿದಳು. "ಈಗ ಸರ್ಯಾಯ್ತು" ಅಂದಳು.

ಮೇಸ್ತ್ರಿ ಕೂಗಾಡಿದ. ಲಿಮಿಟ್ಟು ಮೀರಿದ್ದಾಳೆ, ಎಲ್ಲರ ಮುಂದೆ ಕದ್ದಿದ್ದಾಳೆ, ಚೀಟಿ ರದ್ದು ಅಂದ. ಯಜಮಾನರು ನಡುವೆ ಬಂದರು.

"ತಡೀರಿ ಬುದ್ದಿ. ಎಣೆದೋಳು ಇಲ್ಲೇ ಅವಳೆ. ಕೇಳವ." ನನ್ನ ಕಡೆ ತಿರುಗಿದರು. "ಯೋಳವ್ವ. ಅಳತೆ ಮಂಕ್ರಿ ಸರ್ಯಾಗದಾ, ಇಲ್ವಾ?"

ಹೊಳೆ ದಡದಲ್ಲಿ ಇಪ್ಪತ್ತು ಮನೆಯ ಜನ. ನನ್ನ ಗಂಡ ಹರಿಗೋಲಿನ ಹತ್ತಿರ ನಿಂತು ಹುಟ್ಟಿನ ತುದಿ ಕೆರೆಯುತ್ತಿದ್ದ. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಕೋಪ ಇರಲಿಲ್ಲ. ನಾನು ಸರಿ ಅಂದರೆ ಸರಿ ಎಂದು ನಂಬಲು ತಯಾರಾಗಿದ್ದವಳ ಮುಖ ಅದು.

"ಸರ್ಯಾಗೇ ಅದೆ" ಎಂದೆ.

ಒಂದೇ ಮಾತು.

ಅವಳು ನಿಧಾನವಾಗಿ ಅಳತೆ ಮಂಕರಿಯ ಹತ್ತಿರ ಹೋದಳು. ಖಾಲಿಯಾಗಿತ್ತು, ನೀರು ತೊಟ್ಟಿಕ್ಕುತ್ತಿತ್ತು. ಎರಡು ಕೈಯಲ್ಲಿ ಅದರ ಬಾಯಿ ಹಿಡಿದಳು. ಮಗುಚುತ್ತಾಳೆ ಎಂದು ಎಲ್ಲರಿಗೂ ಅನ್ನಿಸಿತು. "ಬೋರಲಾಕ್ಬ್ಯಾಡ ಕಣವ್ವೋ! ಮನೆ ಮಠ ಎಲ್ಲಾ ಓಯ್ತದೆ!" ಎಂದು ಯಜಮಾನರ ತಾಯಿ ಕಿರುಚಿದಳು. ಮೇಸ್ತ್ರಿಯ ಬಣ್ಣ ಹೋಯಿತು. ನನ್ನದೂ ಹೋಗಿರಬೇಕು. ಮಗುಚಲಿ ಎಂದು ನನ್ನ ಮನಸ್ಸಿನ ಒಂದು ಮೂಲೆಯಲ್ಲಿ ಆಸೆ ಇತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಮಗುಚದಿರಲಿ ಎಂದೇ ಬೇಡಿಕೊಂಡೆ.

ಅವಳು ಕೈ ಬಿಟ್ಟಳು. ಗೆಂಡೆ ಮೀನುಗಳನ್ನು ಒಂದೊಂದಾಗಿ ರಾಶಿಗೆ ವಾಪಸು ಹಾಕಿದಳು. ಸೆರಗಿನ ಗಂಟಿನಿಂದ ಚೀಟಿ ಬಿಚ್ಚಿ ಮೇಸ್ತ್ರಿಗೆ ಕೊಟ್ಟಳು. ಯಜಮಾನರು ಮತ್ತೆ ಕೈಮುಗಿಯಲಿಲ್ಲ. ಕದ್ದವಳಿಗಾಗಿ ಹೇಗೆ ಕೈಮುಗಿಯುವುದು?

ಒಂದು ತಿಂಗಳು ಸೌದೆ ಹೊತ್ತಳು. ಕೇರಿಯ ಹೆಂಗಸರು ಅವಳು ಬಂದರೆ ಮೀನು ಮುಚ್ಚಿಡುತ್ತಿದ್ದರು. ಆಮೇಲೆ ಮನೆ ಬಾಗಿಲು ಹಾಕಿಕೊಂಡು ಕೊಳ್ಳೇಗಾಲಕ್ಕೆ ಹೋಗಿಬಿಟ್ಟಳು. ಅವಳು ಬಲೆ ಬಿಡುತ್ತಿದ್ದ ಮಡುವನ್ನು ಮೇಸ್ತ್ರಿ ನಮಗೆ ಕೊಟ್ಟ. ನನ್ನ ಗಂಡ ಬೇಡ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಆ ಮಡುವಿನ ಬಾಳೆ ಮೀನು ದಪ್ಪ. ತಿಂದೆವು.

ಗುತ್ತಿಗೆ ಮುಗಿದು ಬೇರೆ ಗುತ್ತಿಗೆದಾರ ಬಂದ, ತಕ್ಕಡಿ ತಂದ. ಅಳತೆ ಮಂಕರಿಯನ್ನು ಯಜಮಾನರು ಮರ್ಯಾದೆಯಿಂದ ನಮ್ಮ ಮನೆಗೆ ತಂದು ಕೊಟ್ಟರು. ಒಲೆಗೆ ಹಾಕಿದೆ. ಒಲೆಗೆ ಹಾಕುವಾಗಲೂ ಬೋರಲು ಮಾಡಲಿಲ್ಲ, ಬಾಯಿ ಮೇಲೆ ಮಾಡಿಯೇ ಮುರಿದು ಹಾಕಿದೆ. ಹೊಳೆಯ ಭಯ ನನಗೆ ಇತ್ತು. ಅಕ್ಕನ ಭಯ ಇರಲಿಲ್ಲ.

ಕೆಲವು ವರ್ಷ ಆದ ಮೇಲೆ, ನಾವು ಇನ್ನೂ ಮೈಸೂರಿಗೆ ಸೇರಿರಲಿಲ್ಲ, ಕೊಳ್ಳೇಗಾಲದ ಸಂತೆಯಲ್ಲಿ ಮಂಕರಿ ಮಾರಲು ಕೂತಿದ್ದೆ. ಒಬ್ಬಳು ಬಂದು ಎದುರು ಕುಕ್ಕರಗಾಲಲ್ಲಿ ಕೂತಳು. ಕೈ ನೋಡಿದೆ ಮೊದಲು. ಬೆರಳುಗಳ ಚರ್ಮ ಬೆಂದು ಬೆಳ್ಳಗೆ ಸುಕ್ಕಾಗಿತ್ತು. ರೇಷ್ಮೆ ನೂಲು ತೆಗೆಯುವ ಕಡೆ ದಿನವೆಲ್ಲ ಬಿಸಿನೀರಿನಲ್ಲಿ ಕೈಯಿಟ್ಟವರ ಕೈ ಹಾಗಾಗುತ್ತದೆ. ಆಮೇಲೆ ಮುಖ ನೋಡಿದೆ. ಅಕ್ಕ.

"ಚೆಂದಾಗಿದ್ದೀಯಾ ಅಮ್ಮಿ?"

"ಊಂ ಕಣಕ್ಕ."

ಅವಳು ಮೀನಿನ ಮಂಕರಿ ಒಂದನ್ನು ಎಳೆದುಕೊಂಡಳು. ಬಾಯಿ ಸವರಿದಳು. ಆಮೇಲೆ ಸಂತೆಯ ಮಣ್ಣಿನ ಮೇಲೆ ಅದನ್ನು ಬೋರಲು ಹಾಕಿದಳು.

"ಅಕ್ಕಾ!" ಎಂದೆ, ಅಭ್ಯಾಸದಿಂದ.

"ನಂಗ್ಯಾವ ಒಳೆ ಅಮ್ಮಿ ಈಗ? ನಾನು ಬಿಸ್ನೀರ್ನೋಳು." ತಳದ ಗುಂಡಿಗೆ ಬೆರಳು ಅಡ್ಡ ಇಟ್ಟು ನೋಡಿದಳು. "ಒಂದ್ ಬೆಳ್ಳು. ಇದು ಸರ್ಯಾಗದೆ." ನನ್ನ ಕಡೆ ನೋಡಿದಳು. "ಅವತ್ತಿಂದು ಎಷ್ಟಿತ್ತು?"

ಸಂತೆಯ ಗಲಾಟೆಯಲ್ಲಿ ಕೇಳಿಸಲಿಲ್ಲ ಎಂದು ನಟಿಸಬಹುದಿತ್ತು. ಆದರೆ ಅವಳ ಬೆರಳು ಇನ್ನೂ ತಳದ ಮೇಲೇ ಇತ್ತು.

"ನಾಕು" ಎಂದೆ.

ಅವಳು ಹೂಂ ಎಂದು ತಲೆ ಆಡಿಸಿದಳು. "ಮೂರು ಬೆಳ್ಳು ಕಮ್ಮಿ. ನನ್ ಕುತ್ಗೆ ಅಷ್ಟೇ ಯೋಳಿತ್ತು." ಕೈ ಎತ್ತಿ ಕುತ್ತಿಗೆಯ ಹಿಂಭಾಗ ಒತ್ತಿಕೊಂಡಳು. "ನೀನು ಸರ್ಯಾಗೇ ಅದೆ ಅಂದ್ಯಲ್ಲ, ಇಷ್ಟ್ ವರ್ಸ ನನ್ ಮೈಯೇ ಸುಳ್ಳೇಳ್ತು ಅಂದ್ಕಂಡಿದ್ದೆ. ನಾನೇ ಕದ್ದೆ ಅಂತ್ಲೇ ಅಂದ್ಕಂಡಿದ್ದೆ ಕಣಮ್ಮಿ."

"ಅವತ್ತು ಯಾಕಕ್ಕ ಬುಟ್ಟೆ? ಬೋರಲಾಕಿದ್ರೆ..."

"ನಿಮ್ಮೆಲ್ರ ಒಳೆ ಯಾಕ್ ಬತ್ತಿಸ್ಲಿ ಅಂತ ಬುಟ್ಟೆ." ಅವಳ ದನಿ ಏರಲಿಲ್ಲ. "ಈ ಮಾತ ಕೇರೀಲಿ ಯೋಳ್ತೀಯಾ? ಯಜಮಾನ್ರ ಮುಂದೆ. ಚೀಟಿ ಬ್ಯಾಡ ನಂಗೆ. ಕಳ್ಳಿ ಅಲ್ಲ ಅಂತ ಒಂದ್ ಮಾತು."

ಆ ವರ್ಷದ ಚೀಟಿ ಇನ್ನೂ ಬರೆದಿರಲಿಲ್ಲ. ಹೊಸ ಗುತ್ತಿಗೆಯಲ್ಲೂ ಮೇಸ್ತ್ರಿ ಅವನೇ. ನಾನು ಮಂಕರಿಗಳನ್ನು ಒಂದರೊಳಗೊಂದು ಜೋಡಿಸತೊಡಗಿದೆ.

ಅವಳು ನೋಡುತ್ತ ಕೂತಳು. ಎರಡು ಮೂರು ಜೋಡಿಸುವ ತನಕ ಕಾದಳು. ಆಮೇಲೆ ಬೋರಲಾಗಿದ್ದ ಮಂಕರಿಯನ್ನು ಎತ್ತಿ ನೇರ ಮಾಡಿ, ನನ್ನ ಕಡೆ ತಳ್ಳಿ, ಎದ್ದು ಹೋದಳು. ಆ ಮಂಕರಿಯನ್ನು ಅವತ್ತೇ ಇನ್ನೊಬ್ಬರಿಗೆ ಮಾರಿದೆ.

ಕೇರಿಯಲ್ಲಿ ನಾನು ಹೇಳಲಿಲ್ಲ. ಯಜಮಾನರು ಇದ್ದಾಗ ಹೇಳಲಿಲ್ಲ, ಅವರ ಬಾಗಿಲಲ್ಲಿ ಮಂಕರಿ ಬೋರಲು ಬಿದ್ದ ದಿನವೂ ಹೇಳಲಿಲ್ಲ. ನನ್ನ ಗಂಡ ಸತ್ತ ಮೇಲೆ ಹೇಳಬಹುದಿತ್ತು, ಆಗ ಚೀಟಿಯ ಹಂಗು ಇರಲಿಲ್ಲ. ಆಗಲೂ ಹೇಳಲಿಲ್ಲ. ಜನ ನನ್ನನ್ನು ಒಳ್ಳೆಯ ಕೈಯವಳು ಅನ್ನುತ್ತಿದ್ದರು, ಆ ಮಾತು ನನಗೆ ಬೇಕಾಗಿತ್ತು.

ಈಗ ಬರೆದಿದ್ದೇನೆ. ಆ ದಡದಲ್ಲಿ ಅವತ್ತು ನಿಂತಿದ್ದವರಲ್ಲಿ ಯಾರೂ ಈಗ ಇಲ್ಲ. ಇದ್ದಾಗ ಅವರಿಗೆ ಓದಲು ಬರುತ್ತಿರಲಿಲ್ಲ. ಅವಳು ಕದ್ದಿರಲಿಲ್ಲ. ತಳ ನಾಲ್ಕು ಬೆರಳು ಇತ್ತು.